ಮೊಮ್ಮಕ್ಕಳಿಗೆ ಹೇಳಿದ ರೋಮನ್ನರ ಕಥೆ

ಬೇಸಿಗೆಯ ರಜೆಗೆಂದು ಮಗಳ ಮಕ್ಕಳಿಬ್ಬರು ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದರು. ಮೊಮ್ಮಗನಿಗೆ ಹನ್ನೆರಡು ವರ್ಷ, ಮೊಮ್ಮಗಳಿಗೆ ಎಂಟು. ಒಂದು ಮಧ್ಯಾಹ್ನ ಊಟ ಮುಗಿಸಿ ಪತ್ರಿಕೆ ಹಿಡಿದು ಕುಳಿತಿದ್ದೆ. ಮೊಮ್ಮಗಳು ಚಿತ್ರಕಥೆಯ ಪುಸ್ತಕವೊಂದನ್ನು ನನ್ನ ಮುಂದೆ ಹಿಡಿದು, "ತಾತ, ಈ ರೋಮನ್ನರು ಅಂದ್ರೆ ಯಾರು? ಯಾವಾಗಲೂ ಯಾಕೆ ಒದೆ ತಿಂತಾರೆ?" ಎಂದು ಕೇಳಿದಳು.

ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಮೀರಿ ಸಮಾಜ ವಿಜ್ಞಾನ ಕಲಿಸಿದವನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇನ್ನಾವುದು? ಕನ್ನಡಕ ಸರಿಪಡಿಸಿಕೊಂಡು ಆರಂಭಿಸಿದೆ. ಇಟಲಿಯ ಟೈಬರ್ ನದಿಯ ದಂಡೆಯ ಮೇಲೆ ಕ್ರಿ.ಪೂ. 753ರಲ್ಲಿ ರೋಮ್ ನಗರ ಸ್ಥಾಪನೆಯಾಯಿತೆಂದು ಪ್ರತೀತಿ, ಕ್ರಿ.ಪೂ. 509ರಲ್ಲಿ ಅರಸರನ್ನು ಓಡಿಸಿ ಗಣರಾಜ್ಯ ಸ್ಥಾಪಿಸಿದರು, ಕ್ರಿ.ಪೂ. 27ರಲ್ಲಿ ಅಗಸ್ಟಸ್‌ನಿಂದ ಚಕ್ರಾಧಿಪತ್ಯ ಆರಂಭವಾಯಿತು, ಕ್ರಿ.ಶ. 476ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯ ಪತನಗೊಂಡಿತು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಸಾಲುಗಳು ನೆನಪಿರಬಹುದು. ನಿಮ್ಮಲ್ಲಿ ಅನೇಕರು ಇವನ್ನೇ ಬರೆದು ಐದಕ್ಕೆ ನಾಲ್ಕು ಅಂಕ ಪಡೆದಿದ್ದೀರಿ. ಮೊಮ್ಮಗಳು ಮಾತ್ರ ಅರ್ಧಕ್ಕೇ ತಡೆದು, "ಇದು ಹೋಂವರ್ಕಾ ತಾತ?" ಎಂದಳು. ಒಳಗಿನಿಂದ ನನ್ನ ಪತ್ನಿ ನಕ್ಕ ಸದ್ದು ಕೇಳಿಸಿತು. ನಾನು ಪುನಃ ಪತ್ರಿಕೆ ಹಿಡಿದೆ.

ಆದರೆ ಪ್ರಶ್ನೆ ಬಿಡಲಿಲ್ಲ. ಎಂಟು ವರ್ಷದ ಮಗುವಿಗೆ ರೋಮನ್ನರನ್ನು ಪರಿಚಯಿಸುವುದು ಹೇಗೆ? ಮುಂದಿನ ಹತ್ತು ಹನ್ನೆರಡು ದಿನಗಳಲ್ಲಿ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ನಿಮ್ಮಲ್ಲಿ ಕೆಲವರು ಈಗ ಸ್ವತಃ ಶಿಕ್ಷಕರು. ಬಹುಪಾಲು ಜನ ತಂದೆತಾಯಿಗಳು. ನಿಮಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆದಿಡುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ಗೋಡೆಯ ಮೇಲಿನ ಕ್ಯಾಲೆಂಡರು

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಬಿ.ಎಡ್. ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ. ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದೆ. "ರೋಮನ್ನರು ನಮ್ಮ ಮನೆಯಲ್ಲೇ ಇದ್ದಾರೆ, ಹುಡುಕು" ಎಂದೆ. ಅವಳು ಹುಡುಕಿದಳು, ಸಿಗಲಿಲ್ಲ. "ಸೆಪ್ಟೆಂಬರ್" ಎಂಬಲ್ಲಿ ಬೆರಳಿಟ್ಟು, ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ಏಳಕ್ಕೆ ಸೆಪ್ಟೆಮ್, ಎಂಟಕ್ಕೆ ಓಕ್ಟೋ, ಒಂಬತ್ತಕ್ಕೆ ನೋವೆಮ್, ಹತ್ತಕ್ಕೆ ದೆಕೆಮ್ ಎನ್ನುತ್ತಾರೆಂದು ಹೇಳಿದೆ. ಪಕ್ಕದಲ್ಲೇ ಸಪ್ತ, ಅಷ್ಟ, ನವ, ದಶ ಎಂದು ಬರೆದು ತೋರಿಸಿದೆ. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಭಾಷಾವಂಶದ ದೂರದ ದಾಯಾದಿಗಳು ಎಂಬುದನ್ನು ನಾನು ಹೇಳುವ ಮೊದಲೇ ಅವಳ ಕಿವಿ ಗ್ರಹಿಸಿತ್ತು.

ಕೂಡಲೇ ಆಕ್ಷೇಪವೂ ಬಂತು. "ಸೆಪ್ಟೆಂಬರ್ ಏಳನೇದಲ್ಲ, ಒಂಬತ್ತನೇ ತಿಂಗಳು. ಅವರಿಗೆ ಎಣಿಸೋಕೆ ಬರ್ತಿರಲಿಲ್ವಾ?" ಎಷ್ಟು ತರಗತಿಗಳಲ್ಲಿ ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಸಿರಲಿಲ್ಲ. ರೋಮನ್ನರ ಹಳೆಯ ವರ್ಷ ಮಾರ್ಚ್‌ನಲ್ಲಿ ಆರಂಭವಾಗುತ್ತಿತ್ತು. ಅಲ್ಲಿಂದ ಎಣಿಸಿದರೆ ಸೆಪ್ಟೆಂಬರ್ ಏಳನೆಯದೇ. ಜುಲೈ ತಿಂಗಳಿಗೆ ಮೊದಲು ಐದನೆಯದು ಎಂಬರ್ಥದ ಹೆಸರಿತ್ತು, ಆಗಸ್ಟ್‌ಗೆ ಆರನೆಯದು ಎಂಬರ್ಥದ್ದು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಗೌರವಕ್ಕೆ ಒಂದು ಜುಲೈ ಆಯಿತು, ಕ್ರಿ.ಪೂ. 8ರಲ್ಲಿ ಅಗಸ್ಟಸ್ ಚಕ್ರವರ್ತಿಯ ಗೌರವಕ್ಕೆ ಇನ್ನೊಂದು ಆಗಸ್ಟ್ ಆಯಿತು. ಋತುಗಳಿಗೂ ತಿಂಗಳುಗಳಿಗೂ ತಾಳ ತಪ್ಪಿದ್ದನ್ನು ಸರಿಪಡಿಸಲು ಸೀಸರನು ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಿಗೆ ಎಳೆದನೆಂದಾಗ, "ಹಾಗಾದ್ರೆ ಹುಟ್ಟುಹಬ್ಬಕ್ಕೆ ಎಷ್ಟೊಂದು ದಿನ ಕಾಯಬೇಕಿತ್ತು!" ಎಂದು ಮರುಗಿದಳು.

ಅವರು ಎಷ್ಟು ದೂರದವರು ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ನಮ್ಮ ಊರಿನಲ್ಲೇ ಉತ್ತರವಿದೆ. ಸಂಜೆ ಇಬ್ಬರನ್ನೂ ಚಂದ್ರವಳ್ಳಿಗೆ ಕರೆದೊಯ್ದೆ. ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದ ಸ್ಥಳವದು. ಶಾತವಾಹನರ ಕಾಲದ ಈ ನೆಲೆಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತ್ತು. ಮೆಣಸಿಗೂ ಮುತ್ತಿಗೂ ಹತ್ತಿಬಟ್ಟೆಗೂ ರೋಮನ್ನರು ಸುರಿದ ಹಣವದು. ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್ ಹಣವನ್ನು ಭಾರತವೇ ನುಂಗುತ್ತಿದೆಯೆಂದು ಹಿರಿಯ ಪ್ಲಿನಿ ತನ್ನ ಗ್ರಂಥದಲ್ಲಿ ಗೊಣಗಿದ್ದಾನೆ. ಆಗಸ್ಟ್ ತಿಂಗಳಿಗೆ ಹೆಸರು ಕೊಟ್ಟವನ ಮುಖವುಳ್ಳ ನಾಣ್ಯ ಈ ಬೆಟ್ಟದ ತಪ್ಪಲಿಗೆ ಬಂದಿತ್ತೆಂದು ಕೇಳಿ ಮೊಮ್ಮಗಳು ಮನೆ ಸೇರುವವರೆಗೂ ನೆಲ ನೋಡಿಕೊಂಡೇ ನಡೆದಳು.

ಬಾಳೆಪಟ್ಟೆಯ ಕಾಲುವೆ

ಮೂರನೆಯ ದಿನ ರೋಮ್ ನಗರದ ಒಳಕ್ಕೆ ಹೋದೆವು. ಕ್ರಿ.ಶ. ಒಂದನೆಯ ಶತಮಾನದ ಹೊತ್ತಿಗೆ ಅಲ್ಲಿ ಸುಮಾರು 10 ಲಕ್ಷ ಜನರಿದ್ದರೆಂಬುದು ಇತಿಹಾಸಕಾರರ ಅಂದಾಜು. ಶ್ರೀಮಂತರಿಗೆ ತೊಟ್ಟಿಯ ಮನೆ: ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರಲ್ಲಿ ಮಳೆನೀರಿನ ಕೊಳ. ಉಳಿದವರೆಲ್ಲ ನಾಲ್ಕೈದು ಅಂತಸ್ತಿನ ಬಾಡಿಗೆ ಕಟ್ಟಡಗಳಲ್ಲಿದ್ದರು. ನೆಲಮಟ್ಟದಲ್ಲಿ ಅಂಗಡಿಗಳು, ಮೇಲೇರಿದಂತೆ ಕೋಣೆ ಚಿಕ್ಕದು, ಬಾಡಿಗೆ ಅಗ್ಗ, ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ. ಬೆಂಗಳೂರಿನಲ್ಲಿ ಎತ್ತರದ ಮಹಡಿಗೇ ಹೆಚ್ಚು ಬೆಲೆಯೆಂದು ತಿಳಿದಿದ್ದ ಮೊಮ್ಮಗನಿಗೆ ಇದು ವಿಚಿತ್ರವೆನಿಸಿತು. ಲಿಫ್ಟ್ ಇರಲಿಲ್ಲವಲ್ಲ ಎಂದೆ, ಅರ್ಥವಾಯಿತು.

ಇಷ್ಟೊಂದು ಜನಕ್ಕೆ ನೀರು? ಕ್ರಿ.ಪೂ. 312ರಲ್ಲಿ ಆಪ್ಪಿಯುಸ್ ಕ್ಲಾಡಿಯುಸ್ ಎಂಬ ಅಧಿಕಾರಿ ಮೊದಲ ಮೇಲ್ಗಾಲುವೆಯನ್ನು ತರಿಸಿದ. ರೋಮಿನಿಂದ ದಕ್ಷಿಣಕ್ಕೆ ಹೋಗುವ ಪ್ರಸಿದ್ಧ ಆಪ್ಪಿಯನ್ ಹೆದ್ದಾರಿಯೂ ಅವನದೇ, ಅದೇ ವರ್ಷದ್ದು. ಕ್ರಿ.ಶ. ಮೂರನೆಯ ಶತಮಾನದ ಹೊತ್ತಿಗೆ ಇಂತಹ ಕಾಲುವೆಗಳು 11 ಆದವು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ ಬಲ. ಫ್ರಾನ್ಸಿನ ದಕ್ಷಿಣದಲ್ಲಿ ನೀಮ್ ಪಟ್ಟಣಕ್ಕೆ ನೀರು ತಂದ ಕಾಲುವೆ ಸುಮಾರು 50 ಕಿಲೋಮೀಟರ್ ಉದ್ದ. ಅಷ್ಟು ದೂರಕ್ಕೂ ಅದರ ಇಳಿತ 20 ಮೀಟರಿಗಿಂತ ಕಡಿಮೆ. ಕಣಿವೆ ದಾಟಲು ಅದಕ್ಕೆ ಕಟ್ಟಿದ 49 ಮೀಟರ್ ಎತ್ತರದ ಕಮಾನು ಸೇತುವೆ ಇಂದಿಗೂ ನಿಂತಿದೆ.

ಲೆಕ್ಕ ಹೇಳಿದರೆ ಸಾಲದೆಂದು ಹಿತ್ತಲಿನಲ್ಲಿ ಬಾಳೆಯ ದಿಂಡಿನ ಪಟ್ಟೆಗಳನ್ನು ಸಾಲಾಗಿ ಜೋಡಿಸಿ, ಕೆಳಗೆ ಇಟ್ಟಿಗೆ ಕೊಟ್ಟು, ನಲ್ಲಿಯಿಂದ ತುಳಸಿಕಟ್ಟೆಯವರೆಗೆ ನೀರು ಹರಿಸಲು ಹೇಳಿದೆ. ಎರಡು ಗಂಟೆ ಹೆಣಗಿದರು. ಇಳಿಜಾರು ಹೆಚ್ಚಾದರೆ ಪಟ್ಟೆಯೇ ಜಾರುತ್ತದೆ, ಕಡಿಮೆಯಾದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಕೊನೆಗೆ ನೀರು ತುಳಸಿಯ ಬುಡ ಸೇರಿದಾಗ ಇಬ್ಬರೂ ಕೆಸರಿನಲ್ಲಿ ಕುಣಿದರು. ರೋಮನ್ನರ ಜಾಣ್ಮೆಯನ್ನು ಕುರಿತು ನಾನು ಮಾಡಿದ ಯಾವ ಪಾಠವೂ ಇಷ್ಟು ಚೆನ್ನಾಗಿ ಮಕ್ಕಳ ತಲೆಗೆ ಹೋಗಿರಲಾರದು.

ಮನೆಯೊಳಗಿನ ರೋಮ್

ಮಕ್ಕಳಿಗೆ ಅರಸರಿಗಿಂತ ಮಕ್ಕಳ ವಿಷಯದಲ್ಲೇ ಆಸಕ್ತಿ. ರೋಮಿನ ಮಗುವಿನ ಕೊರಳಿಗೆ 'ಬುಲ್ಲಾ' ಎಂಬ ತಾಯಿತ ಕಟ್ಟುತ್ತಿದ್ದರು. ದೃಷ್ಟಿ ತಾಗದಿರಲೆಂಬ ನಂಬಿಕೆ. ಗಂಡುಹುಡುಗ ಹದಿನಾಲ್ಕು ಹದಿನೈದು ದಾಟಿದ ಮೇಲೆ ಅದನ್ನು ತೆಗೆದು ಮನೆದೇವರಿಗೆ ಒಪ್ಪಿಸಿ ದೊಡ್ಡವರ ಬಿಳಿಯ ಟೋಗಾ ಉಡುತ್ತಿದ್ದ. ಮನೆಯ ಹಿರಿಯ ಗಂಡಸಿಗೆ ಮನೆಮಂದಿಯ ಮೇಲೆಲ್ಲ ಅಧಿಕಾರ. ಮಗನಿಗೆ ಮದುವೆಯಾಗಿ ಮಕ್ಕಳಾದರೂ ತಂದೆ ಬದುಕಿರುವವರೆಗೆ ಅವನ ಹೆಸರಿಗೆ ಸ್ವಂತ ಆಸ್ತಿಯಿಲ್ಲ. ಹೆಣ್ಣುಮಕ್ಕಳಿಗೆ ಸ್ವಂತ ಹೆಸರೂ ಇರುತ್ತಿರಲಿಲ್ಲ ಎನ್ನಬಹುದು. ಜೂಲಿಯುಸ್ ಕುಲದವನ ಮಗಳು ಜೂಲಿಯಾ. ಇಬ್ಬರು ಹುಟ್ಟಿದರೆ ದೊಡ್ಡ ಜೂಲಿಯಾ, ಚಿಕ್ಕ ಜೂಲಿಯಾ. ಸೀಸರನ ಇಬ್ಬರು ಅಕ್ಕತಂಗಿಯರ ಹೆಸರೂ ಜೂಲಿಯಾ ಎಂದೇ. ಇದನ್ನು ಕೇಳಿ ಮೊಮ್ಮಗಳಿಗೆ ಬಂದ ಸಿಟ್ಟು ಸಂಜೆಯವರೆಗೂ ಇಳಿಯಲಿಲ್ಲ.

ಶಾಲೆಯ ವಿಷಯ ಬಂತು. ಮರದ ಹಲಗೆಯ ಮೇಲೆ ಮೇಣ ಬಳಿದು, ಚೂಪಾದ ಕಡ್ಡಿಯಿಂದ ಗೀರಿ ಬರೆಯುವರು; ಕಡ್ಡಿಯ ಚಪ್ಪಟೆ ತುದಿಯಿಂದ ಮೇಣ ತೀಡಿ ಅಳಿಸುವರು. ನಮ್ಮ ಕಾಲದ ಸ್ಲೇಟು ಬಳಪದಂತೆಯೇ ಎಂದೆ. ಅಟ್ಟದಿಂದ ನನ್ನ ಹಳೆಯ ಸ್ಲೇಟನ್ನು ಇಳಿಸಿ ತೋರಿಸಬೇಕಾಯಿತು. ಬೆಳಕು ಹರಿಯುವ ಮುನ್ನವೇ ಪಾಠ ಆರಂಭ; ಉಪಾಧ್ಯಾಯರ ಕೂಗಾಟಕ್ಕೂ ಪೆಟ್ಟಿನ ಸದ್ದಿಗೂ ನಿದ್ದೆ ಬಾರದೆಂದು ಮಾರ್ಷಲ್ ಎಂಬ ಕವಿ ದೂರಿದ್ದಾನೆ. ಹೊರೇಸ್ ಎಂಬ ಮಹಾಕವಿ ತನಗೆ ಕಲಿಸಿದ ಓರ್ಬಿಲಿಯುಸ್ ಮೇಷ್ಟ್ರನ್ನು 'ಬಡಿಯುವವನು' ಎಂಬ ವಿಶೇಷಣದೊಂದಿಗೇ ನೆನೆದಿದ್ದಾನೆ. ಎರಡು ಸಾವಿರ ವರ್ಷಗಳಾದರೂ ಆ ಮೇಷ್ಟ್ರಿಗೆ ಅಂಟಿಕೊಂಡಿರುವುದು ಅದೊಂದೇ ಪದ. ನನ್ನ ಕೈಯಲ್ಲೂ ಮೊದಲ ಹತ್ತು ವರ್ಷ ಬೆತ್ತವಿತ್ತೆಂಬುದನ್ನು ನಿಮ್ಮಲ್ಲಿ ಹಿರಿಯ ತಂಡದವರು ಮರೆತಿರಲಾರಿರಿ. ಮೊಮ್ಮಕ್ಕಳಿಗೆ ಅದನ್ನೂ ಹೇಳಿದೆ.

"ಶಾಲೆಗೆ ಸ್ಕೂಲ್ ಬಸ್ಸಿನಲ್ಲಿ ಹೋಗ್ತಿದ್ರಾ?" ಇಲ್ಲ, ಉಳ್ಳವರ ಮನೆಯ ಹುಡುಗನ ಜೊತೆಗೆ ಒಬ್ಬ ಆಳು ಹೋಗುತ್ತಿದ್ದ, ಹಲಗೆ ಹೊತ್ತು, ಕೈಹಿಡಿದು ಕರೆದೊಯ್ದು, ಪಾಠ ಮುಗಿಯುವವರೆಗೂ ಕಾದು, ಮರಳಿ ಕರೆತರುತ್ತಿದ್ದ. ಅವನನ್ನು 'ಪೆಡಗೋಗಸ್' ಎನ್ನುತ್ತಿದ್ದರು. ನಾವು ಬಿ.ಎಡ್.ನಲ್ಲಿ ಓದಿದ ಬೋಧನಶಾಸ್ತ್ರದ ಇಂಗ್ಲಿಷ್ ಹೆಸರು ಹುಟ್ಟಿದ್ದು ಇದೇ ಪದದಿಂದ. ಅವನು ಸಾಮಾನ್ಯವಾಗಿ ಗುಲಾಮನಾಗಿರುತ್ತಿದ್ದ ಎಂದು ಹೇಳಿ ಮುಂದಕ್ಕೆ ಹೋಗಲಿದ್ದೆ.

ಮೊಮ್ಮಗಳು ಹೋಗಗೊಡಲಿಲ್ಲ. "ಗುಲಾಮ ಅಂದ್ರೆ?" ಎಂದಳು. ಹಣಕ್ಕೆ ಕೊಂಡ ಮನುಷ್ಯ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವನಿಗೂ ಮಕ್ಕಳಿದ್ರಾ? ಅವರು ಎಲ್ಲಿ ಮಲಗ್ತಿದ್ರು? ಅವರನ್ನ ಶಾಲೆಗೆ ಯಾರು ಕರ್ಕೊಂಡು ಹೋಗ್ತಿದ್ರು?"

ಚಿಕ್ಕ ಮಂಚ

ರೋಮಿನ ಪಾಠದಲ್ಲಿ ನಾನು ಗುಲಾಮರಿಗೆ ಕೊಟ್ಟದ್ದು ಒಂದೇ ವಾಕ್ಯ: "ರೋಮನ್ ಸಮಾಜದಲ್ಲಿ ಗುಲಾಮಗಿರಿ ಪದ್ಧತಿ ರೂಢಿಯಲ್ಲಿತ್ತು." ಅನಂತರ ರಸ್ತೆ, ಕಾನೂನು, ಕೊಲೋಸಿಯಂ. ಆ ಕಾಲುವೆಗಳ ಕಲ್ಲನ್ನು ಕಡಿದವರು, ಗಣಿಯಲ್ಲಿ ಬೆಳ್ಳಿ ತೆಗೆದವರು, ಸ್ನಾನಗೃಹಗಳ ನೆಲದಡಿಯ ಒಲೆಗೆ ಸೌದೆ ತುಂಬಿದವರು ಯಾರು ಎಂಬುದಕ್ಕೆ ಆ ವಾಕ್ಯದಲ್ಲಿ ಉತ್ತರವಿಲ್ಲ. ಎಂಟರ ಮಗುವಿಗೆ ಬೇಕಾದದ್ದು ಅದೇ ಆಗಿತ್ತು. ನಾಳೆ ಹೇಳುತ್ತೇನೆಂದು ಸಮಯ ಕೇಳಿಕೊಂಡು ರಾತ್ರಿ ಓದಲು ಕುಳಿತೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೆ, ಹರ್ಕ್ಯುಲೇನಿಯಂ ಪಟ್ಟಣಗಳು ಹೂತುಹೋದ ಕಥೆ ನಿಮಗೆ ಗೊತ್ತು. ಪಾಂಪೆಯ ಗೋಡೆಯ ಹೊರಗಿನ ಚಿವಿತಾ ಜೂಲಿಯಾನಾ ಎಂಬಲ್ಲಿ ಒಂದು ದೊಡ್ಡ ತೋಟದ ಮನೆಯ ಉತ್ಖನನ ನಡೆಯುತ್ತಿದೆ. 2021ರ ನವೆಂಬರಿನಲ್ಲಿ ಅಲ್ಲಿ ಒಂದು ಕೋಣೆ ದೊರೆತ ಸುದ್ದಿ ಬಂತು. 16 ಚದರ ಮೀಟರಿನ ಕೋಣೆ. ಮೇಲ್ಗಡೆ ಒಂದು ಪುಟ್ಟ ಕಿಟಕಿ. ಮೂಲೆಯಲ್ಲಿ ಜಾಡಿಗಳ ರಾಶಿ, ಕುದುರೆ ಸರಂಜಾಮಿನ ಪೆಟ್ಟಿಗೆ, ರಥದ ಮೂಕಿ. ಇವುಗಳ ನಡುವೆ ಒರಟು ಹಲಗೆಗೆ ಹಗ್ಗ ಹೆಣೆದ ಮೂರು ಮಂಚಗಳು. ಎರಡರ ಉದ್ದ 1.70 ಮೀಟರ್. ಮೂರನೆಯದು 1.40 ಮೀಟರ್. ಗುಲಾಮರ ಚಿಕ್ಕ ಕುಟುಂಬವೊಂದು ಅಲ್ಲಿ ಮಲಗುತ್ತಿದ್ದಿರಬಹುದು, ಚಿಕ್ಕ ಮಂಚ ಮಗುವಿನದಿರಬಹುದು ಎಂಬುದು ತಜ್ಞರ ಊಹೆ.

ಮರುದಿನ ಬೆಳಿಗ್ಗೆ ಅಳತೆಯ ಟೇಪು ತಂದು ಹಜಾರದ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮಂಚಗಳನ್ನು ಬರೆದೆ. ಮೊಮ್ಮಗಳು ಹೇಳಿಸಿಕೊಳ್ಳದೆಯೇ ಮೂರನೆಯದರೊಳಗೆ ಮಲಗಿದಳು. ಸರಿಯಾಗಿ ಹಿಡಿಸಿತು, ಕಾಲ ಬಳಿ ಒಂದು ಗೇಣು ಉಳಿಯಿತು. "ಇಲ್ಲೇ ಮಲಗ್ತಿದ್ದ/ಳು" ಎಂದು ನಾವು ಉತ್ತರಪತ್ರಿಕೆಯಲ್ಲಿ ಬರೆಯುವಂತೆ ಬರೆಯಲಾಗದು. ಹುಡುಗನೋ ಹುಡುಗಿಯೋ ತಿಳಿಯದು. ಆ ಮಗುವಿನ ಹೆಸರೇನೆಂದು ಕೇಳಿದಳು. ಗೊತ್ತಿಲ್ಲವೆಂದೆ. ಆದರೆ ಒಬ್ಬ ಗುಲಾಮನ ಹೆಸರು ಗೊತ್ತಿದೆ ಎಂದು ಹರ್ಕ್ಯುಲೇನಿಯಂನಲ್ಲಿ ಸಿಕ್ಕ ಬ್ರೆಡ್ಡಿನ ಚಿತ್ರ ತೋರಿಸಿದೆ. ಇದ್ದಿಲಾಗಿ ಉಳಿದಿರುವ ದುಂಡನೆಯ ಬ್ರೆಡ್ಡು, ಅದರ ಮೇಲೊಂದು ಮುದ್ರೆ: ಕ್ವಿಂಟುಸ್ ಗ್ರಾನಿಯುಸ್ ವೇರುಸ್ ಎಂಬವನ ಗುಲಾಮ ಕೇಲೆರ್ ಎಂದು ಅದರ ಒಕ್ಕಣೆ. ಕೇಲೆರ್ ಎಂದರೆ ಚುರುಕಿನವನು. ಒಡೆಯನಿಗೆ ಮೂರು ಹೆಸರು, ಗುಲಾಮನಿಗೆ ಒಂದು. ಅಂದಿನಿಂದ ನಮ್ಮ ಮನೆಯಲ್ಲಿ ಬ್ರೆಡ್ಡಿಗೆ ಕೇಲೆರ್ ಎಂದೇ ಹೆಸರು.

ಗುಲಾಮರಾಗುತ್ತಿದ್ದವರು ಯಾರು? ಯುದ್ಧದಲ್ಲಿ ಸೋತ ಊರುಗಳವರು, ಕಡಲ್ಗಳ್ಳರ ಕೈಗೆ ಸಿಕ್ಕವರು, ಗುಲಾಮ ತಾಯಿಗೆ ಹುಟ್ಟಿದವರು. ಬಣ್ಣ ನೋಡಿ ಆರಿಸುತ್ತಿರಲಿಲ್ಲ. ಸೋತವನು ಯಾರಾದರೂ ಸರಿ. ಒಡೆಯ ಮನಸ್ಸು ಮಾಡಿದರೆ ಬಿಡುಗಡೆಯೂ ಇತ್ತು. ರೋಮಿನ ಪ್ರಜೆಯೊಬ್ಬ ವಿಧಿವತ್ತಾಗಿ ಬಿಡುಗಡೆ ಮಾಡಿದ ಗುಲಾಮ ತಾನೂ ರೋಮಿನ ಪ್ರಜೆಯಾಗುತ್ತಿದ್ದ. ಇದು ಪ್ರಾಚೀನ ಜಗತ್ತಿನಲ್ಲಿ ಅಪರೂಪದ ಸಂಗತಿ, ಹೇಳಲೇಬೇಕು. ಆದರೆ ಗಣಿಗಳಲ್ಲೂ ಹೊಲಗಳಲ್ಲೂ ದುಡಿದು ಸತ್ತವರಲ್ಲಿ ಬಹುಪಾಲು ಜನರಿಗೆ ಆ ಬಾಗಿಲು ತೆರೆಯಲಿಲ್ಲವೆಂಬುದನ್ನೂ ಹೇಳಬೇಕು.

ನಾನು ಕೊಡದ ಉತ್ತರ

ಈಗ ಆರಂಭದಲ್ಲಿ ಸೂಚಿಸಿದ ಕಾರಣಕ್ಕೆ ಬರುತ್ತೇನೆ. ಮೊಮ್ಮಗಳ ಪ್ರಶ್ನೆ ಕೇಳಿದ ರಾತ್ರಿ ನಿದ್ದೆ ಬಾರದಿದ್ದುದಕ್ಕೆ ಪಾಂಪೆಯೊಂದೇ ಕಾರಣವಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಂಬತ್ತರ ದಶಕದಲ್ಲಿ, ಹಳ್ಳಿಯ ಶಾಲೆಯೊಂದರಲ್ಲಿದ್ದೆ. ಒಂಬತ್ತನೆಯ ತರಗತಿಗೆ ಇದೇ ರೋಮಿನ ಪಾಠ ಮಾಡುತ್ತ ಮೇಲಿನ ಒಂದು ವಾಕ್ಯವನ್ನು ಓದಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಎಂದೂ ಮಾತನಾಡದವನು. "ಸಾರ್, ಜೀತ ಅಂದ್ರೆ ಅದೇನಾ?" ಎಂದ. ತರಗತಿ ನಿಶ್ಶಬ್ದವಾಯಿತು. ಅವನ ತಂದೆ ಸಾಲಕ್ಕಾಗಿ ಊರಿನ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದುದು ಎಲ್ಲರಿಗೂ ಗೊತ್ತಿತ್ತು. ಆ ಮನೆಯ ಹುಡುಗನೂ ಅದೇ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಜೀತ ನಿರ್ಮೂಲನದ ಕಾಯಿದೆ 1976ರಲ್ಲೇ ಬಂದಿತ್ತು. ಅದನ್ನು ಪೌರನೀತಿಯ ಪಾಠದಲ್ಲಿ ನಾನೇ ಬರೆಸಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು, "ಅದು ಬೇರೆ, ಇದು ಬೇರೆ. ಕೂತ್ಕೋ." ಅವನು ಕುಳಿತ. ಮತ್ತೆಂದೂ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ.

ಹೆದರಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಅಂದು ನನ್ನ ಮನಸ್ಸಿಗೆ ನಾನು ಹೇಳಿಕೊಂಡ ಸಮಾಧಾನ ಬೇರೆ: ಶಾಸ್ತ್ರೀಯವಾಗಿ ನನ್ನ ಉತ್ತರ ಸರಿಯೇ, ರೋಮಿನ ಗುಲಾಮ ಮಾರಾಟದ ವಸ್ತು, ಜೀತದವನು ಸಾಲದ ಆಳು, ಎರಡೂ ಒಂದಲ್ಲ. ಆ ಸಮಾಧಾನವೂ ಸುಳ್ಳೆಂದು ತಿಳಿದದ್ದು ನಿವೃತ್ತಿಯ ನಂತರ, ಲಿವಿಯ ಇತಿಹಾಸವನ್ನು ಇಂಗ್ಲಿಷ್ ಅನುವಾದದಲ್ಲಿ ಪೂರ್ತಿಯಾಗಿ ಓದಿದಾಗ. ರೋಮಿನಲ್ಲಿ ಜೀತವೂ ಇತ್ತು. ಅದರ ಹೆಸರು 'ನೆಕ್ಸುಮ್', ಅಂದರೆ ಕಟ್ಟು. ಸಾಲ ತೀರಿಸಲಾಗದ ಬಡ ಪ್ರಜೆ ತನ್ನ ಮೈಯನ್ನೇ ಒತ್ತೆಯಿಟ್ಟು ಸಾಲ ಕೊಟ್ಟವನ ಮನೆಯಲ್ಲಿ ದುಡಿಯಬೇಕಿತ್ತು.

ಅದು ಕೊನೆಗೊಂಡ ಬಗೆಯನ್ನು ಲಿವಿ ಹೀಗೆ ಹೇಳುತ್ತಾನೆ. ಗಾಯುಸ್ ಪುಬ್ಲಿಲಿಯುಸ್ ಎಂಬ ಹುಡುಗ ತನ್ನ ತಂದೆಯ ಸಾಲಕ್ಕಾಗಿ ತಾನೇ ಜೀತಕ್ಕೆ ನಿಂತಿದ್ದ. ಒಡೆಯ ಅವನೊಡನೆ ಕೆಟ್ಟದಾಗಿ ವರ್ತಿಸಿದ; ಹುಡುಗ ಮಣಿಯದಿದ್ದಾಗ ಬಟ್ಟೆ ಕಳಚಿಸಿ ಹೊಡೆಸಿದ. ಹುಡುಗ ಹಾಗೆಯೇ ಬೀದಿಗೆ ಓಡಿಬಂದು ತನ್ನ ಬೆನ್ನನ್ನು ಜನರಿಗೆ ತೋರಿಸಿದ. ಜನ ಚಾವಡಿಗೆ ನುಗ್ಗಿ, ಅಲ್ಲಿಂದ ಸೆನೆಟ್ ಸಭೆಯ ಬಾಗಿಲಿಗೆ ಹೋಗಿ, ಒಳಗೆ ಹೋಗುವ ಒಬ್ಬೊಬ್ಬ ಸದಸ್ಯನ ಕಾಲಿಗೂ ಬಿದ್ದು ಆ ಬೆನ್ನನ್ನು ತೋರಿಸಿದರು. ಸಾಲಕ್ಕೆ ಸಾಲಗಾರನ ಸ್ವತ್ತು ಹೊಣೆಯೇ ಹೊರತು ಅವನ ಮೈಯಲ್ಲ ಎಂಬ ಕಾನೂನು ಬಂತು. ಲಿವಿ ಬರೆದದ್ದು ಮುನ್ನೂರು ವರ್ಷಗಳ ನಂತರ, ಆದ್ದರಿಂದ ಕಥೆಗೆ ಒಂದಿಷ್ಟು ಬಣ್ಣ ಸೇರಿರಬಹುದು; ಆದರೆ ಕಾನೂನು ಬಂದದ್ದು ನಿಜ. ಲಿವಿ ಕೊಡುವ ಕಾಲ ಕ್ರಿ.ಪೂ. 326. ಅಲೆಕ್ಸಾಂಡರನು ಝೀಲಂ ನದಿಯ ದಡದಲ್ಲಿ ಪೋರಸ್‌ನೊಡನೆ ಹೋರಾಡಿದ ವರ್ಷವೆಂದು ನಾನು ನಿಮಗೆಲ್ಲ ಬಾಯಿಪಾಠ ಮಾಡಿಸಿದ ಅದೇ ಇಸವಿ! ನಮ್ಮ ದೇಶದ ಕಾಯಿದೆಗೂ ಅದಕ್ಕೂ ನಡುವೆ 2300 ವರ್ಷ.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲವೆಂಬುದೂ ಮುಖ್ಯ. ತಮ್ಮ ಪ್ರಜೆಗಳನ್ನು ಜೀತದಿಂದ ಬಿಡಿಸಿದ ರೋಮನ್ನರು ಮುಂದಿನ ಶತಮಾನಗಳಲ್ಲಿ ಗೆದ್ದ ದೇಶಗಳಿಂದ ಲಕ್ಷಗಟ್ಟಲೆ ಜನರನ್ನು ಸೆರೆಹಿಡಿದು ತಂದು ಆ ಕೆಲಸಗಳಿಗೆ ಹಚ್ಚಿದರು. ನಮ್ಮವರ ಬೆನ್ನು ಕಂಡರೆ ಮರುಗುವ ಜನ ಪರರ ಬೆನ್ನನ್ನು ಕಾಣದೆ ಇರಬಲ್ಲರು.

ಎಷ್ಟು ಹೇಳಬೇಕು?

ಮಕ್ಕಳಿಗೆ ಇದನ್ನೆಲ್ಲ ಹೇಳಬಹುದೇ ಎಂದು ಮಗಳು ಫೋನಿನಲ್ಲಿ ಆಕ್ಷೇಪಿಸಿದಳು. ನ್ಯಾಯವಾದ ಆಕ್ಷೇಪ. ಸ್ಪಾರ್ಟಕಸ್‌ನ ಕಥೆಯಲ್ಲಿ ನಾನೇ ಎಡವಿದೆ. ಕ್ರಿ.ಪೂ. 73ರಲ್ಲಿ ಕಾಪುವಾ ಪಟ್ಟಣದ ಮಲ್ಲರ ಗರಡಿಯಿಂದ ಎಪ್ಪತ್ತಕ್ಕೂ ಹೆಚ್ಚು ಗುಲಾಮ ಮಲ್ಲರು ಅಡುಗೆಮನೆಯ ಕತ್ತಿ, ಕಬ್ಬಿಣದ ಸಲಾಕೆ ಹಿಡಿದು ತಪ್ಪಿಸಿಕೊಂಡದ್ದು, ವೆಸೂವಿಯಸ್ ಬೆಟ್ಟದ ಮೇಲೆ ಮುತ್ತಿಗೆಗೆ ಸಿಲುಕಿದಾಗ ಕಾಡುದ್ರಾಕ್ಷಿಯ ಬಳ್ಳಿ ಹೆಣೆದು ಏಣಿ ಮಾಡಿ ಹಿಂಬದಿಯಿಂದ ಇಳಿದದ್ದು, ಹತ್ತಾರು ಸಾವಿರ ಜನ ಬಂದು ಸೇರಿಕೊಂಡದ್ದು, ಎಲ್ಲವನ್ನೂ ರಸವತ್ತಾಗಿ ಹೇಳಿದೆ. ಕೊನೆಗೆ ಬಂದಾಗ ಮೊಮ್ಮಗಳ ಮುಖ ನೋಡಿ, "ಆಮೇಲೆ ಅವರೆಲ್ಲ ದೂರ ಹೋಗಿಬಿಟ್ಟರು" ಎಂದುಬಿಟ್ಟೆ. ಮರುದಿನ ಮೊಮ್ಮಗ ಮೊಬೈಲಿನಲ್ಲಿ ಓದಿಕೊಂಡು ಬಂದ. ಕ್ರಿ.ಪೂ. 71ರಲ್ಲಿ ಕ್ರಾಸಸ್ ಅವರನ್ನು ಸೋಲಿಸಿದ. ಸೆರೆಸಿಕ್ಕ 6000 ಜನರನ್ನು ಕಾಪುವಾದಿಂದ ರೋಮಿನವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದರು. ತಂಗಿ ಕೇಳಿಸಿಕೊಳ್ಳದಂತೆ ನನ್ನ ಬಳಿ ಬಂದು ಮೆಲ್ಲನೆ ಕೇಳಿದ: "ನೀನ್ಯಾಕೆ ಸುಳ್ಳು ಹೇಳಿದೆ ತಾತ?"

ನಲವತ್ತು ವರ್ಷಗಳಲ್ಲಿ ಎರಡನೆಯ ಬಾರಿ ರೋಮಿನ ಗುಲಾಮರ ಮುಂದೆ ನಾನು ನಪಾಸಾಗಿದ್ದೆ. ಅವನಿಗೆ ಕ್ಷಮೆ ಕೇಳಿದೆ. ತಂಗಿಗೆ ಶಿಲುಬೆಗಳ ವಿಷಯ ಹೇಳುವುದು ಬೇಡ, ಆದರೆ ಸುಳ್ಳನ್ನು ತಿದ್ದೋಣವೆಂದು ಇಬ್ಬರೂ ಕೂಡಿ ತೀರ್ಮಾನಿಸಿದೆವು. "ಅವರು ಸೋತರು ಕಣಮ್ಮ. ರೋಮನ್ನರು ಅವರಿಗೆ ತುಂಬ ಕ್ರೂರವಾದ ಶಿಕ್ಷೆ ಕೊಟ್ಟರು. ಅದನ್ನು ನೀನು ದೊಡ್ಡವಳಾದಾಗ ಹೇಳ್ತೀನಿ" ಎಂದೆ. ಅವಳು ತಲೆಯಾಡಿಸಿ, "ನೀನು ಮರೆತರೆ ಅಣ್ಣ ಹೇಳಲಿ" ಎಂದಳು.

ಇದರಿಂದ ನಾನು ಕಂಡುಕೊಂಡ ನಿಯಮ ಸರಳ. ಮಗುವಿಗೆ ಎಲ್ಲವನ್ನೂ ಇಂದೇ ಹೇಳಬೇಕಾಗಿಲ್ಲ. ಮುಂದೆ ಸೇರಿಸಬಹುದಾದುದನ್ನು ಬಾಕಿ ಇಡಬಹುದು. ಆದರೆ ಮುಂದೆ ಅಳಿಸಬೇಕಾಗಿ ಬರುವ ಮಾತನ್ನು ಇಂದು ಹೇಳಬಾರದು. ಮೇಣದ ಹಲಗೆಯಲ್ಲಿ ತೀಡಿ ಅಳಿಸಬಹುದು. ಮಗುವಿನ ನಂಬಿಕೆಯಲ್ಲಿ ಹಾಗಾಗದು. ಕಾಲುವೆ ಕಟ್ಟಿದ ಜಾಣ್ಮೆಯೂ ನಿಜ, ಚಿಕ್ಕ ಮಂಚವೂ ನಿಜ. ಎರಡನ್ನೂ ಒಟ್ಟಿಗೆ ಕೇಳಿದ ಮಕ್ಕಳು ರೋಮನ್ನರನ್ನು ಪೂಜಿಸಲಿಲ್ಲ, ಬೈಯಲೂ ಇಲ್ಲ. ಪ್ರಶ್ನೆ ಕೇಳುತ್ತಲೇ ಇದ್ದರು.

ಅವಳ ಕೊನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಗುಲಾಮರ ಮಕ್ಕಳನ್ನು ಶಾಲೆಗೆ ಯಾರು ಕರೆದೊಯ್ಯುತ್ತಿದ್ದರು? ಬಹುಪಾಲು ಮಕ್ಕಳನ್ನು ಯಾರೂ ಇಲ್ಲ. ಆದರೆ ಮೇಲೆ ಹೇಳಿದ ಕವಿ ಹೊರೇಸ್ ಬಿಡುಗಡೆ ಹೊಂದಿದ ಗುಲಾಮನೊಬ್ಬನ ಮಗ. ಇದನ್ನವನು ತಾನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಚಿಕ್ಕದೊಂದು ಹೊಲವಿದ್ದ ಆ ತಂದೆ ಮಗನನ್ನು ಊರಿನ ಶಾಲೆಗೆ ಹಾಕದೆ ದೂರದ ರೋಮಿಗೆ ಕರೆತಂದು, ಶ್ರೀಮಂತರ ಮಕ್ಕಳು ಕಲಿಯುವ ಶಾಲೆಗೆ ಸೇರಿಸಿದ. ಜೊತೆಗೆ ಹೋಗಲು ಆಳನ್ನು ಇಡಲಿಲ್ಲ. ತಾನೇ ಒಬ್ಬೊಬ್ಬ ಗುರುವಿನ ಬಳಿಗೂ ಮಗನೊಡನೆ ನಡೆದುಹೋಗುತ್ತಿದ್ದ.

ಹಿಂದಿನ ಸಾಲಿನ ಆ ಹುಡುಗನನ್ನು ಶಾಲೆಗೆ ಸೇರಿಸಲು ಬಂದವನೂ ಅವನ ತಂದೆಯೇ. ದೊಡ್ಡ ಮನೆಯವರಿಂದ ಅರ್ಧ ದಿನದ ಬಿಡುವು ಕೇಳಿಕೊಂಡು ಬಂದಿದ್ದ. ಕಚೇರಿಯ ಹೊಸ್ತಿಲಾಚೆ ನಿಂತು, ಒಳಗೆ ಬಾ ಎಂದರೂ ಬಾರದೆ, ಹೆಬ್ಬೆಟ್ಟು ಒತ್ತಿ ಹೋಗಿದ್ದ. ಆ ಹುಡುಗ ಹತ್ತನೆಯ ತರಗತಿ ಪಾಸಾದದ್ದು ಗೊತ್ತು; ಆಮೇಲಿನದು ಗೊತ್ತಿಲ್ಲ. ಈಗ ಅವನಿಗೂ ಐವತ್ತು ದಾಟಿರಬೇಕು. ಇದನ್ನು ಓದುವ ಅವನ ಸಹಪಾಠಿಗಳು ಯಾರಾದರೂ ಇದ್ದರೆ ಹೆಸರು ನಿಮಗೆ ನೆನಪಾಗಿರುತ್ತದೆ. ಸಿಕ್ಕಿದರೆ ಅವನಿಗೆ ಇಷ್ಟು ತಿಳಿಸಿ: ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು, ಮೇಷ್ಟ್ರ ಉತ್ತರವೇ ತಪ್ಪಾಗಿತ್ತು. ಹೌದು, ಅದೇ.